ಭಯದಿಂದ ಹುಟ್ಟುವ ಬಾಂಬು

ತಾಪೀ ನದಿಯ ಸಮೀಪದ ಕಾಕ್ರಾಪಾರದಲ್ಲಿ ಅಣುವಿದ್ಯುತ್ ಸ್ಥಾವರವೊಂದಿರುವುದನ್ನು ಗುಜರಾತಿನ ನಗರಗಳಲ್ಲಿ ಓದುತ್ತಿರುವ ಕನ್ನಡ ವಿದ್ಯಾರ್ಥಿಗಳು ಬಲ್ಲರು. 1993ರಲ್ಲಿ ಅದರ ಮೊದಲನೆಯ ಘಟಕವು ಉತ್ಪಾದನೆಗೆ ತೊಡಗಿತು. ಈಗ ನಾಲ್ಕು ಘಟಕಗಳಿವೆ. ಮನೆಯ ದೀಪವನ್ನು ಬೆಳಗಿಸುವ ಈ ಶಕ್ತಿಯೇ 1945ರಲ್ಲಿ ಹಿರೋಷಿಮಾ, ನಾಗಾಸಾಕಿಗಳನ್ನು ಬೂದಿ ಮಾಡಿತು. ಆದುದರಿಂದ ಅಣ್ವಸ್ತ್ರವು ಇನ್ನಷ್ಟು ದೇಶಗಳ ಕೈಸೇರಬಾರದೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ತಡೆಯುವ ಬಗೆ ಯಾವುದೆಂಬುದೇ ಪ್ರಶ್ನೆ.

ಸೈನ್ಯಬಲವೇ ಅದಕ್ಕೆ ಉಪಾಯವೆಂದು ಬಲಾಢ್ಯವಾದ ಅಮೆರಿಕವು ಬಗೆದಂತಿದೆ. 2003ರಲ್ಲಿ ಇರಾಕಿನಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆಯೆಂದು ಹೇಳಿ ದಂಡೆತ್ತಿ ಹೋಯಿತು. ಅಂತರರಾಷ್ಟ್ರೀಯ ಪರಿವೀಕ್ಷಕರ ಶೋಧ ಮುಗಿಯುವ ಮೊದಲೇ ಬಾಂಬುಗಳು ಬಿದ್ದವು. ಅನಂತರ ಎಷ್ಟು ಹುಡುಕಿದರೂ ಆ ಅಸ್ತ್ರಸಂಗ್ರಹವು ದೊರೆಯಲಿಲ್ಲ. ಅದೇ ವರ್ಷ ಲಿಬಿಯವು ತನ್ನ ಅಣ್ವಸ್ತ್ರ ಪ್ರಯತ್ನವನ್ನು ಕೈಬಿಟ್ಟಿತು. 2011ರಲ್ಲಿ ಅಲ್ಲಿ ದಂಗೆಯೆದ್ದಾಗ ಅಮೆರಿಕ ಮತ್ತು ಅದರ ಮಿತ್ರರಾಷ್ಟ್ರಗಳ ವಿಮಾನಗಳು ದಾಳಿಯಿಟ್ಟವು, ಗದ್ದಾಫಿಯ ಆಡಳಿತವು ಉರುಳಿತು. ಉತ್ತರ ಕೊರಿಯವಾದರೋ ಅಣ್ವಸ್ತ್ರ ಪ್ರಸಾರ ನಿಷೇಧ ಒಪ್ಪಂದವನ್ನು ತೊರೆದು 2006ರಲ್ಲಿ ಬಾಂಬನ್ನು ಪರೀಕ್ಷಿಸಿತು. ಅದರ ಮೇಲೆ ಯಾರೂ ದಂಡೆತ್ತಲಿಲ್ಲ. ಬಾಂಬಿಲ್ಲದವನಿಗೆ ಪೆಟ್ಟು, ಇದ್ದವನಿಗೆ ಮರ್ಯಾದೆ ಎಂಬ ಪಾಠವನ್ನು ದುರ್ಬಲ ರಾಷ್ಟ್ರಗಳು ಕಲಿತರೆ ಅಚ್ಚರಿಯೇನು?

ಇರಾನಿನ ಮೇಲಣ ಸಂದೇಹವು ನಿರಾಧಾರವೆಂದು ನಾವು ಹೇಳುವುದಿಲ್ಲ. ಅದು ಯುರೇನಿಯಮನ್ನು ಶೇಕಡಾ 60ರವರೆಗೆ ಪುಷ್ಟೀಕರಿಸಿತ್ತು. ಆದರೆ 2015ರ ಒಪ್ಪಂದವು ವಿಧಿಸಿದ್ದ ಮಿತಿ ಶೇಕಡಾ 3.67; 2018ರಲ್ಲಿ ಅಮೆರಿಕವು ಆ ಒಪ್ಪಂದದಿಂದ ಹೊರನಡೆದ ಬಳಿಕವೇ ಇರಾನು ಆ ಮಿತಿಯನ್ನು ದಾಟಿತು. 2025ರ ಜೂನಿನಲ್ಲಿ ಅಮೆರಿಕದ ವಿಮಾನಗಳು ಅಲ್ಲಿಯ ಸ್ಥಾವರಗಳ ಮೇಲೆ ಬಾಂಬು ಸುರಿದವು. ಬೇಲಿಯೇ ಎದ್ದು ಹೊಲವನ್ನು ಮೇಯ್ದರೆ ಕಾಯುವವರಾರು? ಇದು ಒಂದೇ ರಾಷ್ಟ್ರದ ದೋಷವಲ್ಲ. 1994ರಲ್ಲಿ ಭದ್ರತೆಯ ಭರವಸೆ ಪಡೆದು ಅಣ್ವಸ್ತ್ರಗಳನ್ನು ಬಿಟ್ಟುಕೊಡಲೊಪ್ಪಿದ ಯುಕ್ರೇನಿನ ಮೇಲೆ, ಭರವಸೆಯಿತ್ತ ರಷ್ಯವೇ 2014ರಲ್ಲಿಯೂ 2022ರಲ್ಲಿಯೂ ಏರಿಹೋಯಿತು.

ಈ ಭಯದ ಅನುಭವ ನಮ್ಮ ದೇಶಕ್ಕೂ ಉಂಟು. 1971ರ ಡಿಸೆಂಬರಿನಲ್ಲಿ ಅಮೆರಿಕದ ‘ಎಂಟರ್‌ಪ್ರೈಸ್’ ಯುದ್ಧನೌಕೆಯು ಬಂಗಾಳ ಕೊಲ್ಲಿಗೆ ಬಂದಿತು. 1974ರಲ್ಲಿ ಪೋಖ್ರಾನಿನಲ್ಲಿ ಭಾರತದ ಮೊದಲ ಅಣುಸ್ಫೋಟ ನಡೆಯಿತು. ಅದರ ಮುಂದಾಳು ರಾಜಾ ರಾಮಣ್ಣನವರು ತುಮಕೂರು ಜಿಲ್ಲೆಯಲ್ಲಿ ಜನಿಸಿದ ಕನ್ನಡಿಗರು. ಅದಕ್ಕೂ ಮೊದಲು, 1966ರಲ್ಲಿ ಅಣುಶಕ್ತಿ ಆಯೋಗದ ಅಧ್ಯಕ್ಷರಾದ ವಿಕ್ರಮ್ ಸಾರಾಭಾಯಿಯವರು ಅಹಮದಾಬಾದಿನವರು. ಬಾಂಬೊಂದನ್ನು ಸ್ಫೋಟಿಸಿದ ಮಾತ್ರಕ್ಕೆ ದೇಶಕ್ಕೆ ಭದ್ರತೆ ದೊರೆಯದೆಂಬುದು ಅವರ ನಿಲುವಾಗಿತ್ತು. ಹುಟ್ಟುನುಡಿಯಿಂದ ಒಬ್ಬರಿಗೆ, ಬೆಳೆದ ನೆಲದಿಂದ ಇನ್ನೊಬ್ಬರಿಗೆ ನಾವು ಸಮೀಪದವರು. ರಾಮಣ್ಣನವರ ಪ್ರತಿಭೆಯನ್ನು ಗೌರವಿಸುತ್ತಲೇ ಸಾರಾಭಾಯಿಯವರ ಮಾತೇ ಹೆಚ್ಚು ತೂಕದ್ದೆಂದು ನಾವು ಭಾವಿಸುತ್ತೇವೆ. 1974ರ ಬಳಿಕ ಪಾಕಿಸ್ತಾನವು ತನ್ನ ಯತ್ನವನ್ನು ಬಿರುಸುಗೊಳಿಸಿತು. 1998ರಲ್ಲಿ ಎರಡೂ ದೇಶಗಳು ಬಾಂಬು ಸಿಡಿಸಿದವು. ನೆರೆಯವನ ಭಯವು ಕೊನೆಗೆ ನಮ್ಮ ಮನೆಬಾಗಿಲಿಗೇ ಬರುವುದು.

ಹಾಗಾದರೆ ದಾರಿ ಯಾವುದು? ಪರಿವೀಕ್ಷಣೆ ಮತ್ತು ಎಲ್ಲರಿಗೂ ಸಮಾನವಾದ ನಿಯಮ. ಕಾಕ್ರಾಪಾರದ ಮೊದಲೆರಡು ಘಟಕಗಳು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಪರಿವೀಕ್ಷಣೆಗೆ ಒಳಪಟ್ಟಿವೆ. ಅದರಿಂದ ನಮ್ಮ ಮಾನವೇನೂ ಕುಂದಿಲ್ಲ, ದೀಪವೂ ಆರಿಲ್ಲ. 1970ರಲ್ಲಿ ಜಾರಿಗೆ ಬಂದ ಪ್ರಸಾರ ನಿಷೇಧ ಒಪ್ಪಂದದಲ್ಲಿ ದೊಡ್ಡ ರಾಷ್ಟ್ರಗಳು ನಿರಸ್ತ್ರೀಕರಣಕ್ಕಾಗಿ ಮಾತುಕತೆ ನಡೆಸುವೆವೆಂದು ಒಪ್ಪಿದ್ದವು. ಆ ಮಾತನ್ನು ಮೊದಲು ಅವರು ನಡೆಸಿಕೊಡಲಿ.

ವಿದ್ಯಾರ್ಥಿಮಿತ್ರರೇ, ನಾಳಿನ ಪೌರರು ನೀವು. ಯಾವುದೇ ದೇಶವು ಶಾಂತಿಯ ಹೆಸರಿನಲ್ಲಿ ಯುದ್ಧಕ್ಕೆ ಹೊರಟಾಗ ಜಯಕಾರ ಹಾಕುವ ಮುನ್ನ ಸಾಕ್ಷ್ಯವೆಲ್ಲಿ ಎಂದು ಕೇಳುವುದನ್ನು ಕಲಿಯಿರಿ.