ಬೋರ್ಡಿನಲ್ಲಿ ಕನ್ನಡ, ಬಿಲ್ಲಿನಲ್ಲಿ ಯಾಕಿಲ್ಲ?



ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಲೇಬೇಕೆಂದು 2024ರಲ್ಲಿ ಕಾನೂನಿಗೆ ತಿದ್ದುಪಡಿಯಾಯಿತು. ಅದಕ್ಕಾಗಿ ಬೀದಿಗಿಳಿದು ಜೈಲು ಕಂಡವರು ನಮ್ಮವರೇ. ಆಸ್ಪತ್ರೆಗಳೂ ಆ ಕಾನೂನಿಗೆ ಒಳಪಟ್ಟಿವೆ. ಸಂತೋಷ. ಆದರೆ ಆ ಬೋರ್ಡಿನ ಕೆಳಗೆ ಹಾದು ಒಳಗೆ ಹೋದ ರೋಗಿಯ ಕೈಗೆ ಬರುವ ಬಿಲ್ಲು ಯಾವ ಭಾಷೆಯಲ್ಲಿದೆ? ಸಹಿ ಹಾಕಿಸಿಕೊಳ್ಳುವ ಕಾಗದ ಯಾವ ಭಾಷೆಯಲ್ಲಿದೆ?

ಇದು ಬರೀ ಅಭಿಮಾನದ ಪ್ರಶ್ನೆಯಲ್ಲ, ಜೇಬಿನ ಪ್ರಶ್ನೆ. ಕೇಂದ್ರ ಸರ್ಕಾರದ 2017-18ರ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗರು ಸರ್ಕಾರಿ ಆಸ್ಪತ್ರೆಗೆ ಒಮ್ಮೆ ದಾಖಲಾದರೆ ಆಗುವ ಸರಾಸರಿ ಖರ್ಚು 4,290 ರೂ. ಖಾಸಗಿ ಆಸ್ಪತ್ರೆಯಲ್ಲಿ 27,347 ರೂ. ಈ ಎರಡನೇ ಬಿಲ್ಲನ್ನೇ ಹಿಡಿದು ಲೆಕ್ಕ ಹಾಕಿ. ತಿಂಗಳಿಗೆ ಲಕ್ಷ ರೂಪಾಯಿ ಎಣಿಸುವವನಿಗೆ ಅದು ಎಂಟು ದಿನದ ಸಂಬಳ. ಕಂಪನಿಯ ವಿಮೆಯಿದ್ದರೆ ಅದೂ ತಟ್ಟುವುದಿಲ್ಲ. ದಿನಕ್ಕೆ 500 ರೂ. ಕೂಲಿಯವನಿಗೆ ಅದು 55 ದಿನದ ದುಡಿಮೆ. ಆ ದಿನಗಳಲ್ಲಿ ಮನೆಮಂದಿ ಉಣ್ಣುವುದು ಏನನ್ನು? ಹೆಂಡತಿಯ ಓಲೆ ಅಡವಿಡಬೇಕು, ಇಲ್ಲವೇ ಮೀಟರ್ ಬಡ್ಡಿಗೆ ಕೊರಳೊಡ್ಡಬೇಕು.

ಸರ್ಕಾರ ಏನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗಿನ ಚಿಕಿತ್ಸೆ ಉಂಟು. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30 ಮಾತ್ರ, ಅದೂ 1.5 ಲಕ್ಷದ ಮಿತಿಯೊಳಗೆ. ಮಿಕ್ಕಿದ್ದು ಅವನದೇ ಹಣೆಬರಹ. ಅತ್ತ ಬಡವನೂ ಅಲ್ಲದ, ಇತ್ತ ಶ್ರೀಮಂತನೂ ಅಲ್ಲದ ಸಣ್ಣ ಅಂಗಡಿಯವನು, ಆಟೋ ಚಾಲಕ ಸಿಕ್ಕಿಬೀಳುವುದು ಇಲ್ಲೇ. ಇನ್ನು ಸಕ್ಕರೆ ಕಾಯಿಲೆಗೆ, ಬಿಪಿಗೆ ದಿನವೂ ನುಂಗುವ ಮಾತ್ರೆಯ ಖರ್ಚು ಈ ಯೋಜನೆಯ ಹೊರಗೇ ಉಳಿದಿದೆ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಸ್ವಂತ ಜೇಬಿನಿಂದ ಕೊಡುವ ಪಾಲು 2013-14ರ ಶೇ. 64.2ರಿಂದ 2021-22ಕ್ಕೆ ಶೇ. 39.4ಕ್ಕೆ ಇಳಿದಿದೆ ಎನ್ನುತ್ತದೆ ಸರ್ಕಾರದ ಲೆಕ್ಕ. ಇಳಿದಿರಬಹುದು. ಇಳಿದ ಮೇಲೂ ನೂರಕ್ಕೆ 39 ರೂಪಾಯಿ!

ಈಗ ಭಾಷೆಯ ಮಾತಿಗೆ ಬನ್ನಿ. ತುರ್ತು ಸಂದರ್ಭ ಬಿಟ್ಟರೆ, ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಇದು ತಿಳಿಯದೆ ನೇರವಾಗಿ ಹೋದವನು ಯೋಜನೆಯಿದ್ದೂ ಪೂರ್ತಿ ಹಣ ಕಟ್ಟುತ್ತಾನೆ. 'ಯೋಜನೆ ಬೇಡ, ನಾನೇ ಪಾವತಿಸುತ್ತೇನೆ' ಎಂಬ ಇಂಗ್ಲಿಷ್ ಸಾಲಿನ ಕೆಳಗೆ ಹೆಬ್ಬೆಟ್ಟು ಒತ್ತಿದರೆ ಅವನಿಗೆ ಗೊತ್ತಾಗುವುದು ಹೇಗೆ? ವಿಮೆ ಪಾಲಿಸಿಯ ಹತ್ತಾರು ಪುಟಗಳಲ್ಲಿ ಯಾವ ರೋಗಕ್ಕೆ ದುಡ್ಡಿಲ್ಲ ಎಂದು ಬರೆದಿದ್ದರೆ ಓದುವವರು ಯಾರು? ಓದಲಾಗದ ಬಿಲ್ಲನ್ನು ಪ್ರಶ್ನಿಸಲಾಗದು. ಪ್ರಶ್ನಿಸಲಾಗದ ಬಿಲ್ಲು ಬೆಳೆಯುತ್ತಲೇ ಹೋಗುತ್ತದೆ.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಅಂದಾಜು ವೆಚ್ಚ, ಒಪ್ಪಿಗೆ ಪತ್ರ, ಅಂತಿಮ ಬಿಲ್ಲು, ವಿಮೆಯ ಷರತ್ತು ನಾಲ್ಕೂ ಕನ್ನಡದಲ್ಲಿರಬೇಕು. ಯಾರಿಗೆ ಎಷ್ಟು ಉಚಿತ ಎಂಬ ಪಟ್ಟಿ ಹಣ ಕಟ್ಟುವ ಕೌಂಟರಿನ ಎದುರೇ ಇರಬೇಕು. ಸರ್ಕಾರ ಇದನ್ನು ಕಡ್ಡಾಯ ಮಾಡಲಿ.

ಅಲ್ಲಿಯವರೆಗೆ ನೀವು ಸುಮ್ಮನಿರಬೇಡಿ. ಸಹಿ ಹಾಕುವ ಮುನ್ನ, 'ಇದರಲ್ಲಿ ಏನು ಬರೆದಿದೆ, ಕನ್ನಡದಲ್ಲಿ ಹೇಳಿ' ಎಂದು ಗಟ್ಟಿಯಾಗಿ ಕೇಳಿ. ಕೇಳುವುದು ಭಿಕ್ಷೆಯಲ್ಲ, ಹಕ್ಕು.