ಯಾಕೆ ಓಡ್ತೀಯ ಅಂತ ಕೇಳೋ ಅಕ್ಕ-ತಂಗೀರಿಗೆ

ಏಪ್ರಿಲ್ ಹತ್ರ ಬಂತು ಅಂದ್ರೆ ನಮ್ಮ ನೆಂಟರಿಷ್ಟರು ಎಲೆ ಅಡಿಕೆ ಥರ ನನ್ನ ಜಗಿಯಕ್ಕೆ ಶುರು ಮಾಡ್ತಾರೆ. "ಈ ವರ್ಷನೂ ಬೆಂಗ್ಳೂರಿಗೆ ಓಡಕ್ಕೆ ಹೋಗ್ತಾಳಂತಾ?" "ಐವತ್ತೈದು ವರ್ಷಕ್ಕೆ ಶೂ ಹಾಕ್ಕಂಡು ಓಡೋದು ಏನು ಚೆಂದ?" ಎದುರಿಗೆ ಕೇಳೋರು ಕಮ್ಮಿ. ಅಡುಗೆಮನೇಲಿ ಈರುಳ್ಳಿ ಹೆಚ್ತಾ ಮಾತಾಡೋರೇ ಜಾಸ್ತಿ. ನನ್ನ ಕಿವಿ ಇನ್ನೂ ಚೆನ್ನಾಗೈತೆ ಕಣ್ರಮ್ಮ. ಅದ್ಕೇ ಎಲ್ರಿಗೂ ಒಂದೇ ಸಲ ಉತ್ತರ ಬರೀತಿದ್ದೀನಿ.

ನಾನು ಓಡೋದು ಬೆಂಗ್ಳೂರಿನ ವರ್ಲ್ಡ್ ಟೆನ್‌ಕೆ ಓಟ. 2008ರಲ್ಲಿ ಶುರುವಾಗಿದ್ದು, ಈಗ ಟಿಸಿಎಸ್ ಹೆಸರಲ್ಲಿ ನಡೀತೈತೆ. ಮುಂಚೆ ಮೇ ತಿಂಗಳಲ್ಲಿತ್ತು, 2024ರಲ್ಲಿ ಏಪ್ರಿಲ್‌ಗೆ ತಂದ್ರು. ನಮ್ಮೂರಲ್ಲಿ ಎಲ್ರೂ ಇದನ್ನ ಮ್ಯಾರಥಾನ್ ಅಂತಾರೆ. ಲೆಕ್ಕದಲ್ಲಿ ಮ್ಯಾರಥಾನ್ ಅಂದ್ರೆ 42 ಕಿಲೋಮೀಟರು 195 ಮೀಟರು, ಇದು ಬರೀ 10 ಕಿಲೋಮೀಟರು. ಇರ್ಲಿ ಬಿಡಿ, ಊರೋರ ಬಾಯಲ್ಲಾದ್ರೂ ನಾನು ಮ್ಯಾರಥಾನ್ ಓಡ್ದೋಳಾಗಿರ್ತೀನಿ.

"ಓಡ್ಲೇಬೇಕು ಅಂದ್ರೆ ಘಾಟೀಲೇ ಓಡು, ರಸ್ತೆ ಖಾಲಿ ಬಿದ್ದೈತೆ, ಅಷ್ಟು ದೂರ ಯಾಕೆ?" ಅಂತ ನಮ್ಮ ವಾರಗಿತ್ತಿ ಕೇಳ್ತಾಳೆ. ನಾನು ತಿರುಗಿಸಿ ಕೇಳ್ತೀನಿ. ಸುಬ್ರಹ್ಮಣ್ಯಸ್ವಾಮಿ ಪಟ ನಮ್ಮೆಲ್ರ ಮನೇಲೂ ಐತೆ, ದಿನಾ ಊದುಬತ್ತಿ ಹಚ್ತೀವಿ. ಹಂಗಿದ್ರೂ ಪುಷ್ಯ ಷಷ್ಠಿ ತೇರಿನ ದಿನ ಆ ನೂಕುನುಗ್ಗಲಲ್ಲಿ ಯಾಕೆ ಹೋಗಿ ನಿಂತ್ಕತೀವಿ? ಕನ್ನಡೀಲಿ ಕಾಣೋ ನರಸಿಂಹಸ್ವಾಮೀನ ಒಂದು ಕ್ಷಣ ನೋಡಕ್ಕೆ ಗಂಟೆಗಟ್ಲೆ ಸಾಲಲ್ಲಿ ಯಾಕೆ ಕಾಯ್ತೀವಿ? ಜಾತ್ರೆ ಅಂದ್ರೆ ಜಾತ್ರೇನೇ. ಅದು ಮನೇಲಿ ಸಿಗಲ್ಲ. ನಂಗೆ ಈ ಓಟ ಅಂಥದ್ದೊಂದು ಜಾತ್ರೆ.

ಇದನ್ನ ನಾನು ಸುಮ್ನೆ ಹೇಳ್ತಿಲ್ಲ. ಕೊರೊನಾ ಬಂದಾಗ ಬೆಂಗ್ಳೂರಿನ ರಸ್ತೇಲಿ ಓಟ ನಿಂತೋಯ್ತು. 2020ರ ಡಿಸೆಂಬರಲ್ಲಿ, ಮೊಬೈಲಲ್ಲಿ ಆ್ಯಪ್ ಹಾಕ್ಕಂಡು ನೀವು ಎಲ್ಲಿದ್ದೀರೋ ಅಲ್ಲೇ ಓಡಿ ಅಂದ್ರು. ನಾನೂ ಮಾಕಳಿದುರ್ಗದ ಕಡೆ ರಸ್ತೇಲಿ ಓಡ್ದೆ. ಬೆಟ್ಟ ಚೆನ್ನಾಗಿತ್ತು, ತಂಪು ಗಾಳಿ ಚೆನ್ನಾಗಿತ್ತು, 10 ಕಿಲೋಮೀಟರೂ ಪೂರ್ತಿ ಆಯ್ತು. ಮನೆಗೆ ಬಂದು ಅನ್ನಕ್ಕಿಟ್ಟೆ. ಅಷ್ಟೇ. ತೇರಿಲ್ದಿರೋ ತೇರು ಬೀದಿ ಥರ ಇತ್ತು. 2022ರ ಮೇ ತಿಂಗಳಲ್ಲಿ ಮತ್ತೆ ರಸ್ತೇಲಿ ಓಟ ಶುರುವಾದಾಗ ನಾನು ಅತ್ತಿದ್ದು ನಿಜ, ಅದನ್ನ ನೋಡಿ ಮಗ ನಕ್ಕಿದ್ದೂ ನಿಜ.

ಆ ದಿನ ಹೆಂಗಿರ್ತೈತೆ ಅಂತ ನಿಮಗೆ ಗೊತ್ತಿಲ್ಲ, ಅದ್ಕೇ ಮಾತಾಡ್ತೀರ. ಹಿಂದಿನ ದಿನವೇ ದೊಡ್ಡಬಳ್ಳಾಪುರದಿಂದ ಬಸ್ಸು ಹತ್ತಿ ಯಲಹಂಕದ ತಂಗಿ ಮನೇಲಿ ಮಲಗ್ತೀನಿ. ಇನ್ನೂ ಕತ್ತಲಿದ್ದಂಗೇ ಕಬ್ಬನ್ ರಸ್ತೆ ಪರೇಡ್ ಮೈದಾನದ ಹತ್ರ ಸಾವಿರಾರು ಜನ. ಎದೆ ಮೇಲೆ ನಂಬರ್ ಚೀಟಿ, ಅದ್ರಲ್ಲೊಂದು ಚಿಪ್ಪು. ಎಷ್ಟೇ ಹಿಂದೆ ನಿಂತಿದ್ರೂ ನಾನು ಗೆರೆ ದಾಟಿದ ಮೇಲೇನೇ ನನ್ನ ಟೈಮು ಶುರು. ಮುಂದೆ ನಿಂತೋರು ಎಷ್ಟು ಹೊತ್ತು ತಗಂಡ್ರೂ ಅದು ನನ್ನ ಲೆಕ್ಕಕ್ಕೆ ಸೇರಲ್ಲ. ಮೂವತ್ತು ವರ್ಷದಿಂದ ಮೂರು ಹೊತ್ತು ಬೇಯಿಸಿ ಹಾಕಿದ್ದೀನಿ, ಅದನ್ನ ಯಾವ ಚಿಪ್ಪಲ್ಲಿ ಬರ್ಕಂಡವ್ರೆ ಹೇಳಿ? ಹಲಸೂರು ಕೆರೆ ಹತ್ರ ಬರೋ ಹೊತ್ಗೆ ಬೆಳಕಾಗಿರ್ತೈತೆ, ಯಾರೋ ಗುರುತಿಲ್ಲದ ಹುಡುಗಿ "ಕಮಾನ್ ಆಂಟಿ" ಅಂತ ನೀರು ಕೊಡ್ತಾಳೆ. ನಂಗೆ ಸುಮಾರು ಒಂದೂಮುಕ್ಕಾಲು ಗಂಟೆ ಬೇಕು. 2022ರಲ್ಲಿ ಕೀನ್ಯಾದ ಐರೀನ್ ಚೆಪ್ಟಾಯ್ ಅಷ್ಟೇ ದೂರನ 30 ನಿಮಿಷ 35 ಸೆಕೆಂಡಲ್ಲಿ ಓಡಿ ಗೆದ್ಲು. ಅವಳು ಓಡಿದ ಓಟದಲ್ಲೇ ನಾನೂ ಓಡ್ದೆ ಅನ್ನೋದು ಸಣ್ಣ ಮಾತಲ್ಲ.

ಬೈಯೋರಿಗಿಂತ ನನ್ನ ಪರ ಮಾತಾಡೋರ ಮೇಲೇ ನಂಗೆ ಸಿಟ್ಟು ಜಾಸ್ತಿ. "ಪಾಪ, ಶುಗರ್‌ಗೆ ಒಳ್ಳೇದು ಅಂತ ಓಡ್ತಾಳೆ ಬಿಡಿ" ಅಂತಾರೆ. ನಂಗೆ ಶುಗರಿಲ್ಲ! "ಗಟ್ಟಿಯಾಗಿದ್ರೆ ಮೊಮ್ಮಕ್ಕಳನ್ನ ನೋಡ್ಕಬೋದು" ಅಂತಾರೆ. ಹೆಂಗಸು ಏನು ಮಾಡಿದ್ರೂ ಅದ್ರಿಂದ ಮನೆಗೊಂದು ಲಾಭ ಇರ್ಲೇಬೇಕಾ? ಉಪವಾಸ ಮಾಡಿದ್ರೆ ಗಂಡನಿಗೆ, ಹರಕೆ ಹೊತ್ರೆ ಮಕ್ಕಳಿಗೆ, ನಾಗರಕಲ್ಲು ಪ್ರತಿಷ್ಠೆ ಮಾಡಿದ್ರೆ ಸಂತಾನಕ್ಕೆ. ಎಲ್ಲಾನೂ ಮಾಡಿದ್ದೀನಿ, ಇನ್ನೂ ಮಾಡ್ತೀನಿ. ಈ ಓಟ ಮಾತ್ರ ಯಾರಿಗೂ ಅಲ್ಲ. ನಂಗಿಷ್ಟ, ಓಡ್ತೀನಿ. ಗಂಡಸ್ರು ದಿನಪೂರ್ತಿ ಕ್ರಿಕೆಟ್ ನೋಡ್ತಾರಲ್ಲ, ಯಾವ ಕಾಯಿಲೆ ವಾಸಿಯಾಗಕ್ಕೆ ಅಂತ ಯಾರಾದ್ರೂ ಕೇಳ್ತೀರಾ?

ಇನ್ನೊಂದು ಮಾತೈತೆ, "ಮನೆಕೆಲ್ಸನೇ ವ್ಯಾಯಾಮ" ಅನ್ನೋದು. ಹೇಳೋರು ಯಾವತ್ತೂ ಕಸ ಗುಡಿಸ್ದೋರಲ್ಲ, ಅದನ್ನ ಬಿಡಿ.

"ಗರ್ಭಕೋಶಕ್ಕೆ ಕೆಟ್ಟದ್ದು" ಅನ್ನೋ ಮಾತೂ ಹೊಸದಲ್ಲ. 1928ರ ಒಲಿಂಪಿಕ್ಸಲ್ಲಿ ಹೆಂಗಸ್ರು 800 ಮೀಟರು ಓಡಿ ಸುಸ್ತಾದ್ರು ಅಂತ ಪೇಪರೋರು ಗುಲ್ಲೆಬ್ಬಿಸಿದ್ರು. ಆ ಓಟ ಮತ್ತೆ ಒಲಿಂಪಿಕ್ಸಿಗೆ ಬಂದಿದ್ದು 1960ಕ್ಕೆ. 1967ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನಲ್ಲಿ ಕ್ಯಾಥ್ರಿನ್ ಸ್ವಿಟ್ಜರ್ ಓಡ್ತಿದ್ದಾಗ ಅಧಿಕಾರಿಯೊಬ್ಬ ಹಿಂದಿಂದ ಬಂದು ಅವಳ ನಂಬರ್ ಕಿತ್ಕಳಕ್ಕೆ ಹೋದ. ಅವಳು ನಿಲ್ಲಲಿಲ್ಲ, ಓಟ ಮುಗಿಸಿದ್ಲು. ಒಲಿಂಪಿಕ್ಸಲ್ಲಿ ಹೆಂಗಸರ ಮ್ಯಾರಥಾನ್ ಶುರುವಾಗಿದ್ದು 1984ರಲ್ಲಿ, ನಮ್ಮ ಪಿ.ಟಿ. ಉಷಾಗೆ ಸೆಕೆಂಡಿನ ನೂರರಲ್ಲೊಂದು ಭಾಗಕ್ಕೆ ಕಂಚು ತಪ್ಪಿದ ವರ್ಷ. ಆಗ ನಾನು ಹೈಸ್ಕೂಲು. ಉಷಾ ಅಂದ್ರೆ ಊರಿಗೂರೇ ಕುಣೀತಿತ್ತು, ಆದ್ರೆ ನಾನು ಲಂಗ ಎತ್ತಿಕಟ್ಟಿ ಓಡಿದ್ರೆ ಅಜ್ಜಿ ಬರ್ಲು ತಗಂಡು ಬರ್ತಿದ್ಲು.

"ರಸ್ತೇಲಿ ಹೆಂಗಸಿಗೆ ಭಯ, ಮನೇಲಿದ್ರೆ ಕ್ಷೇಮ" ಅನ್ನೋರಿಗೆ ಒಬ್ಬಳ ಕಥೆ ಹೇಳ್ತೀನಿ. ಕೀನ್ಯಾದ ಆಗ್ನೆಸ್ ಟಿರೋಪ್ ನಮ್ಮ ಬೆಂಗ್ಳೂರಿನ ಈ ಓಟ 2018ರಲ್ಲೂ ಗೆದ್ಲು, 2019ರಲ್ಲೂ ಗೆದ್ಲು. 2021ರ ಸೆಪ್ಟೆಂಬರಲ್ಲಿ ಜರ್ಮನೀಲಿ, ಬರೀ ಹೆಂಗಸ್ರೇ ಓಡೋ 10 ಕಿಲೋಮೀಟರಲ್ಲಿ 30 ನಿಮಿಷ 1 ಸೆಕೆಂಡಿಗೆ ಓಡಿ ವಿಶ್ವದಾಖಲೆ ಮಾಡಿದ್ಲು. ಅಕ್ಟೋಬರಲ್ಲಿ ಅವಳನ್ನ ಇರಿದು ಕೊಂದ್ರು. ರಸ್ತೇಲಲ್ಲ, ಅವಳ ಮನೆಯೊಳಗೆ. ಕೊಲೆ ಆರೋಪ ಹೊರಿಸಿದ್ದು ಗಂಡನ ಮೇಲೆ. ಅವಳಿಗಿನ್ನೂ 25 ವರ್ಷ. ಅವಳು ಊರೂರು ರಸ್ತೇಲಿ ಅಷ್ಟು ವರ್ಷ ಓಡಿದಾಗ ಏನೂ ಆಗಿರಲಿಲ್ಲ. ಈಗ ಹಲಸೂರು ಕೆರೆ ದಾಟುವಾಗೆಲ್ಲ ಆ ಹುಡುಗಿ ನೆನಪಾಗ್ತಾಳೆ.

ಘಾಟಿ ದನಗಳ ಜಾತ್ರೇಲಿ ಹಳ್ಳಿಕಾರ್ ಹೋರಿ ಕಾಲು ನೋಡಿ, ಎಂಥಾ ನಡಿಗೆ, ಎಂಥಾ ಓಟ ಅಂತ ಮೈಮರೆಯೋ ಗಂಡಸ್ರು ನನ್ನ ಶೂ ನೋಡಿ ನಗ್ತಾರೆ. ನಗ್ಲಿ. ನೀವು ಮಾತ್ರ ಅವ್ರ ಜೊತೆ ಸೇರ್ಕಂಡು ನಗಬೇಡಿ.

10 ಕಿಲೋಮೀಟರ್ ಆಗಲ್ಲ ಅನ್ನೋರಿಗೆ ಅಲ್ಲೇ ಮಜಾ ರನ್ ಅಂತ ಚಿಕ್ಕ ಓಟನೂ ಐತೆ, ಸೀರೆ ಉಟ್ಕಂಡೂ ಬರ್ತಾರೆ. ಬರೋರಿದ್ರೆ ಈಗ್ಲೇ ಹೇಳಿ, ಯಲಹಂಕದಲ್ಲಿ ಮಲಗಕ್ಕೆ ಜಾಗ ಐತೆ, ಚಾಪೆ ನಾವೇ ತಗಂಡೋಗ್ಬೇಕು. ಇನ್ನು ನಮ್ಮ ಮನೆಯೋರಿಗೆ: ಆ ಭಾನುವಾರ ತಿಂಡಿ ಏನು ಅಂತ ಫೋನ್ ಮಾಡ್ಬೇಡಿ. ದೋಸೆ ಹಿಟ್ಟು ಫ್ರಿಜ್ಜಲ್ಲಿರ್ತೈತೆ, ಹಂಚು ಒಲೆ ಮೇಲೇ ಇರ್ತೈತೆ.