ಊರಿಗೆ ಬಂದವರು ನೀರಿಗೆ ಬಾರರೇ?

ಬೆಂಗಳೂರಿನಿಂದ ಮೈಸೂರಿನ ಕಡೆಗೆ ಹೊರಟ ರೈಲು ಮದ್ದೂರಿನಲ್ಲಿ ನಿಂತೊಡನೆ ವಡೆಯ ಬುಟ್ಟಿಗಳು ಕಿಟಕಿಗಳತ್ತ ಧಾವಿಸುತ್ತವೆ. ಬೈಲಕುಪ್ಪೆಗೆ ಹಿಂದಿರುಗುತ್ತಿರುವ ತರುಣ ಲಾಮಾ ಒಬ್ಬನು, ಕೆಂಗಂದು ವಸ್ತ್ರವನ್ನು ಸರಿಪಡಿಸಿಕೊಳ್ಳುತ್ತ, "ಎರಡು ಕೊಡಿ, ಎಷ್ಟಾಯಿತು?" ಎಂದು ಕನ್ನಡದಲ್ಲಿಯೇ ಕೇಳಿದನೆನ್ನಿ. ಎದುರಿಗೆ ಕುಳಿತ ಸಂಸಾರಸ್ಥರ ಮುಖ ಅರಳುತ್ತದೆ: "ಪರವಾಗಿಲ್ಲ, ನಮ್ಮ ಮಾತು ಕಲಿತಿದ್ದಾನೆ!" ಅದೇ ಪ್ರಶ್ನೆಯನ್ನು ಅವನು ಹಿಂದಿಯಲ್ಲಿ ಕೇಳಿದ್ದರೆ ಅದೇ ಮುಖ ಗಂಟಿಕ್ಕುತ್ತದೆ: "ಬಂದು ಅರವತ್ತು ವರ್ಷ ದಾಟಿತು, ಇನ್ನೂ ಕನ್ನಡ ಬಾರದೇ?" ನೆಲೆ ಕೊಟ್ಟ ನಾಡು ನೆಲೆ ಪಡೆದವರಿಂದ ಏನನ್ನು ಬಯಸಬಹುದು, ಎಷ್ಟನ್ನು ಬಯಸಬಹುದು ಎಂಬ ದೊಡ್ಡ ಪ್ರಶ್ನೆಯೇ ಈ ಎರಡು ಮಾತುಗಳಲ್ಲಿ ಅಡಗಿ ಕುಳಿತಿದೆ.

"ಊರಿಗೆ ಬಂದವಳು ನೀರಿಗೆ ಬಾರದಿರುವಳೇ?" ಎಂಬುದು ಹಳ್ಳಿಯ ಗಾದೆ. ಹೊಸಬಳು ಎಂದಾದರೊಂದು ದಿನ ಬಿಂದಿಗೆ ಹಿಡಿದು ಬಾವಿಕಟ್ಟೆಗೆ ಬಂದೇ ಬರುತ್ತಾಳೆ, ಪರಿಚಯ ತಾನಾಗಿಯೇ ಆಗುತ್ತದೆ, ಅವಸರವೇಕೆ ಎಂಬುದು ಅದರ ಇಂಗಿತ. ಆದರೆ ಬಾವಿಕಟ್ಟೆಯಲ್ಲಿ ಅವಳಿಗೂ ಜಾಗವಿರಬೇಕೆಂಬ ಷರತ್ತು ಆ ಗಾದೆಯೊಳಗೇ ಇದೆ. ಊರಿನಲ್ಲಿಯೇ ಹುಟ್ಟಿ ಬೆಳೆದ ಎಷ್ಟೋ ಮಂದಿಗೆ ಆ ಜಾಗವನ್ನು ನಿರಾಕರಿಸಿದ ನಾಡಿನಲ್ಲಿ ಇದು ಸಣ್ಣ ಷರತ್ತಲ್ಲ.

1959ರ ಮಾರ್ಚಿನಲ್ಲಿ ದಲೈ ಲಾಮಾ ಅವರು ಲ್ಹಾಸಾದಿಂದ ತಪ್ಪಿಸಿಕೊಂಡು ಭಾರತಕ್ಕೆ ಬಂದರು. ಅವರ ಹಿಂದೆಯೇ ಸಹಸ್ರಾರು ಜನ ಹಿಮದ ಕಣಿವೆಗಳನ್ನು ದಾಟಿ ಬಂದರು. ಅವರಿಗೆ ನೆಲ ಬೇಕೆಂದು ನೆಹರೂ ಅವರು ರಾಜ್ಯಗಳನ್ನು ಕೇಳಿದಾಗ, ಅಂದಿನ ಮೈಸೂರು ರಾಜ್ಯ ಉದಾರವಾಗಿ ಕೈ ಚಾಚಿತು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುನೆಲ ಗುತ್ತಿಗೆಯ ಮೇಲೆ ದೊರೆಯಿತು. ಚಳಿನಾಡಿನ ಜನ ಇಲ್ಲಿಯ ಸೆಕೆಯಲ್ಲಿ ಬೆಂದು, ಕಾಡು ಕಡಿದು, ಆನೆಗಳಿಗೆ ಅಂಜುತ್ತ ಮುಸುಕಿನ ಜೋಳ ಬಿತ್ತಿದರು. ರೋಗರುಜಿನಗಳಿಗೆ ತುತ್ತಾದವರೂ ಉಂಟು. ಅನಂತರ 1966ರಲ್ಲಿ ಮುಂಡಗೋಡು, 1972ರ ಸುಮಾರಿಗೆ ಹುಣಸೂರಿನ ಗುರುಪುರ, 1974ರ ವೇಳೆಗೆ ಕೊಳ್ಳೇಗಾಲದ ಆಚೆಯ ಒಡೆಯರಪಾಳ್ಯ ನೆಲೆಗೊಂಡವು. ಬೆಂಗಳೂರಿನಿಂದ ಒಡೆಯರಪಾಳ್ಯಕ್ಕೆ ಹೋಗುವ ಬಸ್ಸು ಮಳವಳ್ಳಿಯ ಮೇಲೆಯೇ ಹಾದುಹೋಗುತ್ತದೆ. ಬೈಲಕುಪ್ಪೆಯ ದಾರಿ ಮದ್ದೂರು, ಮಂಡ್ಯಗಳ ಮೂಲಕ ಸಾಗುತ್ತದೆ. ಹೀಗೆ ಈ ಮೂರು ಊರುಗಳೂ ಟಿಬೆಟಿನ ಜನ ಹಾದುಹೋಗುವುದನ್ನು ಅರ್ಧ ಶತಮಾನಕ್ಕೂ ಮಿಗಿಲಾಗಿ ಕಂಡಿವೆ.

ಅಂದು ಯಾರೂ ಅವರನ್ನು "ನಮ್ಮಂತಾಗಿರಿ" ಎಂದು ಕೇಳಲಿಲ್ಲ. ಇಂದಲ್ಲ ನಾಳೆ ತಾಯ್ನಾಡಿಗೆ ಮರಳುತ್ತಾರೆ, ಅಲ್ಲಿಯವರೆಗೆ ಅವರ ನುಡಿ, ಧರ್ಮ, ನಡೆಗಳು ಉಳಿಯಲಿ ಎಂಬ ಸದುದ್ದೇಶದಿಂದ ಅವರಿಗೆ ಪ್ರತ್ಯೇಕ ವಸತಿ, ಪ್ರತ್ಯೇಕ ಶಾಲೆಗಳ ಏರ್ಪಾಡಾಯಿತು. ಚೀನಾ ದೇಶದಲ್ಲಿ ಕ್ಷೀಣಿಸಿದ ವಿದ್ಯೆ ಬೈಲಕುಪ್ಪೆಯ ಸೆರಾ ವಿಹಾರದಲ್ಲಿ ಚಿಗುರಿತು. ಇದು ಕನ್ನಡನಾಡು ಹೆಮ್ಮೆಪಡಬೇಕಾದ ಕಾರ್ಯ. ಆದರೆ "ನಾಳೆ" ಬರಲಿಲ್ಲ. ಇಲ್ಲಿಯೇ ಹುಟ್ಟಿದ ಮಕ್ಕಳಿಗೆ ಮಕ್ಕಳಾದರು. ಮೂರು ದಿನಕ್ಕೆಂದು ಬಂದ ನೆಂಟ ಮೂರು ತಲೆಮಾರು ಉಳಿದರೆ ಅವನನ್ನು ನೆಂಟನೆನ್ನಬೇಕೇ, ಮನೆಯವನೆನ್ನಬೇಕೇ? 1950ರ ಜನವರಿ 26 ಮತ್ತು 1987ರ ಜುಲೈ 1ರ ನಡುವೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು ಎಂದು ಕಾನೂನು ಹೇಳುತ್ತದೆ. ಅದು ಟಿಬೆಟನ್ನರಿಗೂ ಸಲ್ಲುತ್ತದೆಂದು ದೆಹಲಿ ಹೈಕೋರ್ಟು ಸ್ಪಷ್ಟಪಡಿಸಲು 2010ರವರೆಗೆ ಕಾಯಬೇಕಾಯಿತು. ನಿರಾಶ್ರಿತರನ್ನು ಕುರಿತ 1951ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. ಆದ್ದರಿಂದ ಇಲ್ಲಿಯ ಔದಾರ್ಯವೆಲ್ಲ ಮನಸ್ಸಿನ ಔದಾರ್ಯವೇ ಹೊರತು ಹಕ್ಕಿನ ರೂಪ ತಳೆದದ್ದಲ್ಲ.

ಮಳವಳ್ಳಿಯ ರೈತನಿಗೆ ಈ ಮಾತು ರುಚಿಸಬೇಕೆಂದೇನೂ ಇಲ್ಲ. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿ ಅವನ ಗದ್ದೆ. ಮೇಲಿನವರಿಗೆ ಸಾಕಾದ ಮೇಲೆ ಉಳಿದರೆ ಅವನಿಗೆ ನೀರು. "ನಮ್ ಗದ್ದೆಗೇ ನೀರಿಲ್ಲ ಕಣಣ್ಣೊ, ಬಂದೋರ್ಗೆಲ್ಲಾ ಭೂಮಿ ಕೊಟ್ರೆ ನಾವೆಲ್ಲಿಗೋಗವ?" ಎಂದು ಅವನು ಕೇಳಿದರೆ, ಅದನ್ನು ಸಂಕುಚಿತ ಬುದ್ಧಿಯೆಂದು ತಳ್ಳಿಹಾಕುವುದು ನಗರದ ಸುಖಾಸನದಲ್ಲಿ ಕುಳಿತವರಿಗೆ ಸುಲಭ. ಸ್ವಾಗತದ ಭಾಷಣ ಬೆಂಗಳೂರಿನಲ್ಲಿ, ದೆಹಲಿಯಲ್ಲಿ ನಡೆಯುತ್ತದೆ. ಸ್ವಾಗತದ ಖರ್ಚು ಹಳ್ಳಿಯ ಗೋಮಾಳದ ಮೇಲೆ, ಸೌದೆಯ ಮೇಲೆ, ಕೂಲಿಯ ದರದ ಮೇಲೆ ಬೀಳುತ್ತದೆ. ಹೊಸಬರಿಗೆ ಕೊಟ್ಟ ದಿನವೇ ನೆರೆಯ ಬಡವನಿಗೂ ರಸ್ತೆ, ಶಾಲೆ, ಆಸ್ಪತ್ರೆಗಳನ್ನು ಕೊಟ್ಟ ಸರಕಾರ ಮಾತ್ರ ನಿಜವಾಗಿ ಸ್ವಾಗತಿಸಿದಂತೆ. ಉಗಾಂಡಾ ದೇಶ ನಿರಾಶ್ರಿತರಿಗೆ ತುಂಡುನೆಲವನ್ನೂ ದುಡಿಯುವ ಹಕ್ಕನ್ನೂ ಕೊಟ್ಟು ಹೆಸರು ಪಡೆಯಿತು. ಅಲ್ಲಿಯೂ ನೆರೆಹೊರೆಯವರ ಹಿತ ನೋಡದೆ ಆ ಕೆಲಸ ನಡೆಯುವುದಿಲ್ಲವೆಂಬ ಪಾಠ ಕಲಿಯಬೇಕಾಯಿತು.

ಮಂಡ್ಯ ಸೀಮೆಗೆ ಈ ಪ್ರಶ್ನೆ ಹೊಸದೇನೂ ಅಲ್ಲ. ಹನ್ನೆರಡನೆಯ ಶತಮಾನದ ಹೊತ್ತಿಗೆ ಚೋಳ ದೊರೆಯ ಕಿರುಕುಳ ತಾಳಲಾರದೆ ಶ್ರೀರಂಗವನ್ನು ಬಿಟ್ಟು ಬಂದ ರಾಮಾನುಜಾಚಾರ್ಯರು ಹೊಯ್ಸಳ ವಿಷ್ಣುವರ್ಧನನ ರಾಜ್ಯದಲ್ಲಿ ಆಶ್ರಯ ಪಡೆದರೆಂದು ಸಂಪ್ರದಾಯ ಹೇಳುತ್ತದೆ. ತೊಣ್ಣೂರು, ಮೇಲುಕೋಟೆಗಳ ವೈಭವಕ್ಕೆ ಮೂಲಪುರುಷರು, ಇಂದಿನ ಮಾತಿನಲ್ಲಿ ಹೇಳುವುದಾದರೆ, ಒಬ್ಬ ನಿರಾಶ್ರಿತರು! ತಮಿಳನ್ನು ಮನೆಮಾತಾಗಿ ಉಳಿಸಿಕೊಂಡ ಶ್ರೀವೈಷ್ಣವ ಕುಟುಂಬಗಳು ಇಲ್ಲಿ ಬೇರು ಬಿಟ್ಟವು. ಒಂದು ಪಂಗಡವಂತೂ ಮಂಡ್ಯದ ಹೆಸರನ್ನೇ ತನ್ನ ಹೆಸರಾಗಿ ಧರಿಸಿತು. ಮೇಲುಕೋಟೆಯಲ್ಲಿ 1905ರಲ್ಲಿ ಹುಟ್ಟಿದ ಪು.ತಿ. ನರಸಿಂಹಾಚಾರ್ಯರು ಮನೆಯೊಳಗೆ ತಮಿಳಾಡುತ್ತಲೇ ಬೆಳೆದು ಕನ್ನಡದ ಶ್ರೇಷ್ಠ ಕವಿಗಳಲ್ಲಿ ಒಬ್ಬರಾದರು. ಒಲೆಯ ಮುಂದಿನ ಮಾತು ಒಂದು, ಬೀದಿಯ ಮಾತು ಒಂದು ಆದ ಮಾತ್ರಕ್ಕೆ ನಾಡಿಗೆ ನಷ್ಟವೇನೂ ಆಗಲಿಲ್ಲ.

ಆದರೆ ಈ ಕಥೆಯನ್ನು ಹೇಳಿ ಬೆನ್ನು ತಟ್ಟಿಕೊಂಡು ಸುಮ್ಮನಾಗುವಂತಿಲ್ಲ. ರಾಮಾನುಜರಿಗೆ ರಾಜಾಶ್ರಯವಿತ್ತು, ಎಲ್ಲ ವಲಸಿಗರಿಗೂ ಅದಿರುವುದಿಲ್ಲ. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶದ ವಿಷಯವಾಗಿ 1991ರ ಡಿಸೆಂಬರಿನಲ್ಲಿ ಗಲಭೆ ಎದ್ದಾಗ, ಹೊಟ್ಟೆಪಾಡಿಗಾಗಿ ಬಂದು ಹಲವು ವರ್ಷ ಇಲ್ಲಿ ದುಡಿದಿದ್ದ ಎಷ್ಟೋ ತಮಿಳು ಕುಟುಂಬಗಳು ಕೈಗೆ ಸಿಕ್ಕ ಗಂಟುಮೂಟೆ ಹೊತ್ತು ಗಡಿಯಾಚೆಗೆ ಓಡಿದವು. ಅವರಲ್ಲಿ ಕನ್ನಡ ಬಲ್ಲವರಿರಲಿಲ್ಲವೇ? ಧಾರಾಳವಾಗಿ ಇದ್ದರು. ಕಲಿತ ಭಾಷೆ ಆ ರಾತ್ರಿ ಅವರನ್ನು ಕಾಯಲಿಲ್ಲ. "ನಮ್ಮೊಡನೆ ಬೆರೆಯಿರಿ" ಎಂದು ಕೇಳುವ ಊರು, ಬೆರೆತವರನ್ನು ಕಷ್ಟಕಾಲದಲ್ಲಿ ಕಾಪಾಡುವ ಭರವಸೆ ಕೊಡದಿದ್ದರೆ, ಬೆರೆಯಲು ಯಾರಿಗೆ ತಾನೇ ಮನಸ್ಸಾದೀತು?

ಹಾಗಾದರೆ ಏನನ್ನೂ ಕೇಳಲೇಬಾರದೇ? ಕೇಳಬೇಕು. ಅದನ್ನು ಅಳೆಯುವ ಸೇರು ಕನ್ನಡಿಗರ ಮನೆಯಲ್ಲಿಯೇ ಇದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡಿನ ಕನ್ನಡಿಗರು ಕೇರಳಕ್ಕೆ ಸೇರಿದರು. ತಾಳವಾಡಿಯ ಕನ್ನಡಿಗರು ತಮಿಳುನಾಡಿನಲ್ಲಿದ್ದಾರೆ. ಅವರು ಕಚೇರಿ, ಅಂಗಡಿಗಳಿಗಾಗಿ ಮಲಯಾಳವನ್ನೋ ತಮಿಳನ್ನೋ ಕಲಿಯುವುದು ನ್ಯಾಯವೆಂದು ಎಲ್ಲರೂ ಒಪ್ಪುತ್ತಾರೆ. ಅವರ ಮಕ್ಕಳ ಕನ್ನಡ ಶಾಲೆ ಮುಚ್ಚಿದರೆ ಮಾತ್ರ ಮಂಡ್ಯದಲ್ಲಿಯೂ ಕೂಗು ಏಳುತ್ತದೆ. ಅಲ್ಲಿಯ ಕನ್ನಡಿಗನಿಗೆ ಏನು ಬೇಕೆನಿಸುತ್ತದೆಯೋ ಅದನ್ನು ಇಲ್ಲಿಯ ಪರನುಡಿಯವನಿಗೆ ಕೊಡುವುದು, ಅವನು ಅಲ್ಲಿ ಎಷ್ಟು ಕಲಿಯಬೇಕೆನ್ನಿಸುತ್ತದೆಯೋ ಅಷ್ಟನ್ನು ಇಲ್ಲಿ ಕೇಳುವುದು: ಇದಕ್ಕಿಂತ ಸರಳವಾದ ನ್ಯಾಯ ಬೇರೊಂದಿಲ್ಲ.

ಈ ಸೇರಿನಿಂದ ಅಳೆದರೆ, ಕಾನೂನಿಗೆ ವಿಧೇಯತೆ, ಸಂತೆ ಕಚೇರಿಗಳಲ್ಲಿ ನಡೆಯುವಷ್ಟು ಕನ್ನಡ, ನೆರೆಯವರೊಡನೆ ನೆಲಜಲಗಳ ವ್ಯವಹಾರದಲ್ಲಿ ನ್ಯಾಯ, ಇಷ್ಟನ್ನು ಧೈರ್ಯವಾಗಿ ಬಯಸಬಹುದು. ದೇವರು, ಉಡುಪು, ಊಟ, ಜೋಗುಳದ ನುಡಿ, ಕಳೆದುಕೊಂಡ ನಾಡಿನ ನೆನಪು, ಇವುಗಳ ಮೇಲೆ ಯಾವ ಊರಿಗೂ ಹಕ್ಕಿಲ್ಲ. ಸೊಸೆ ಮನೆ ತುಂಬಿದ ಮೇಲೆ ಅತ್ತೆಯ ಮನೆಯ ಅಡಿಗೆ ಕಲಿಯುತ್ತಾಳೆ. ತವರನ್ನು ಮರೆಯೆಂದವರನ್ನು ಯಾರೂ ಹೊಗಳುವುದಿಲ್ಲ.

ಕಲಿಯಿರಿ ಎನ್ನುವವರು ಕಲಿಸಬೇಕಾದದ್ದೂ ಅಷ್ಟೇ ಅಗತ್ಯ. ಜರ್ಮನಿಯು 2005ರಿಂದ ಹೊಸಬರಿಗೆ ಸುಮಾರು 600 ಗಂಟೆಗಳ ಭಾಷಾಪಾಠವನ್ನು ಸರಕಾರದ ನೆರವಿನಿಂದಲೇ ನಡೆಸುತ್ತ ಬಂದಿದೆ. 2015ರಲ್ಲಿ ಲಕ್ಷಾಂತರ ಜನ ಒಮ್ಮೆಗೇ ಬಂದಾಗ ಆ ಏರ್ಪಾಡು ಕೈಹಿಡಿಯಿತು. ಇನ್ನು ಸಿಂಧನೂರಿನ ಕ್ಯಾಂಪುಗಳ ಕಥೆ ಬೇರೊಂದು ಬಗೆಯದು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳಿಗೆ ಅಲ್ಲಿ ನೆಲ ದೊರೆಯಿತು. ಆದರೆ ಬಂಗಾಳದಲ್ಲಿ ಪರಿಶಿಷ್ಟ ಜಾತಿಯೆಂದು ಎಣಿಸಲ್ಪಟ್ಟ ನಾಮಶೂದ್ರರು ಕರ್ನಾಟಕದ ಪಟ್ಟಿಯಲ್ಲಿಲ್ಲ. ಹೊಲದಲ್ಲಿ ಬೇರೂರಿದವರು ಕಾಗದದಲ್ಲಿ ಬೇರೂರಲಿಲ್ಲ. ಭೂಮಿ ಕೊಟ್ಟು ಗುರುತು ಕೊಡದಿದ್ದರೆ ಸ್ವಾಗತ ಅರ್ಧಕ್ಕೇ ನಿಂತಂತೆ.

ಮಂಡ್ಯದ ಹಸುರೆಲ್ಲ ಕೊಡಗಿನಲ್ಲಿ ಹುಟ್ಟಿ ಹರಿದುಬಂದ ನೀರಿನದು. ಕನ್ನಂಬಾಡಿಯ ಕಟ್ಟೆಗಾಗಿ ಹಳೆಯ ಊರೊಂದು ಮುಳುಗಿ, ಅದರ ಜನ ಬೇರೆಡೆ ಮನೆ ಕಟ್ಟಿದ ಮೇಲೆಯೇ ಈ ಸೀಮೆ ಕಬ್ಬಿನ ನಾಡಾಯಿತು. ನೆಲೆ ತಪ್ಪಿದವರ ನಿಟ್ಟುಸಿರು ಯಾವುದೆಂದು ಇಲ್ಲಿಯ ಮಣ್ಣಿಗೆ ಹೇಳಿಕೊಡಬೇಕಾಗಿಲ್ಲ. ಬಂದವರು ನೀರಿಗೆ ಬಂದೇ ಬರುತ್ತಾರೆ. ಅವರ ಬಿಂದಿಗೆಯನ್ನು ಇಳಿಸಲು ಕಟ್ಟೆಯ ಮೇಲೆ ತುಸು ಜಾಗ ಬಿಡುವುದು ಊರಿನವರ ಪಾಲಿನ ಕೆಲಸ.